ಸ್ಟಿಕರ್ ಅಂಟಿಸುವ ಮೊದಲು

ವಸ್ತುಗಳಿಗೆ ಗುರುತು ಹಾಕಿ, ಆ ಗುರುತನ್ನು ಆನ್‌ಲೈನ್ ಮಾಹಿತಿಗೆ ಜೋಡಿಸುವುದು ನನ್ನ ಕೆಲಸ. ಲ್ಯಾಬಿನ ಮೈಕ್ರೋಸ್ಕೋಪ್, ಗ್ರಂಥಾಲಯದ ಪುಸ್ತಕ, ಕಾರ್ಖಾನೆಯ ಪಂಪು, ಆಫೀಸಿನ ಕುರ್ಚಿ, ಏನೇ ಆಗಲಿ. ವಸ್ತುವಿನ ಮುಂದೆ ನಿಂತವರು ಫೋನ್ ಹಿಡಿದರೆ ಅದರ ವಿವರ ತೆರೆದುಕೊಳ್ಳಬೇಕು. ಎಲ್ಲೋ ಕೂತವರು ಹುಡುಕಿದರೆ ಆ ವಸ್ತು ಎಲ್ಲಿದೆ, ಹೇಗಿದೆ ಅಂತ ಗೊತ್ತಾಗಬೇಕು. ಮೊದಲನೆಯದನ್ನು ಈಗ ಯಾರು ಬೇಕಾದರೂ ಮಾಡಬಹುದು. ತಲೆನೋವು ಇರುವುದು ಎರಡನೆಯದರಲ್ಲಿ.

ಕೆಲಸ ಒಪ್ಪಿಸುವವರು ಸ್ಟಿಕರ್‌ನಿಂದಲೇ ಮಾತು ಶುರು ಮಾಡುತ್ತಾರೆ. ಕ್ಯೂಆರ್ ಹಾಕೋಣವೋ, ಆರ್‌ಎಫ್‌ಐಡಿ (ರೇಡಿಯೋ ಅಲೆಯಿಂದ ಓದುವ ಟ್ಯಾಗ್) ಹಾಕೋಣವೋ? ಪೇಪರೋ ಪ್ಲಾಸ್ಟಿಕ್ಕೋ? ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಲೆಕ್ಕದಲ್ಲಿ ಒಂದು ವಸ್ತು ಅಂದರೆ ಯಾವುದು?

ಸುಮ್ನೆ ಮಾತಿಗೆ ಕೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಮೈಕ್ರೋಸ್ಕೋಪನ್ನೇ ತಗೊಳ್ಳಿ. ಬಾಡಿ ಒಂದು, ಲೆನ್ಸ್ ನಾಲ್ಕು, ಮೇಲೊಂದು ಕ್ಯಾಮೆರಾ. ಆ ಕ್ಯಾಮೆರಾವನ್ನು ಬಿಚ್ಚಿ ಪಕ್ಕದ ಮೈಕ್ರೋಸ್ಕೋಪಿಗೆ ಹಾಕಿದರು ಅನ್ನಿ. ಕ್ಯಾಮೆರಾದ ರಿಪೇರಿ ವಿವರವೆಲ್ಲ ಹಳೆಯ ಮೈಕ್ರೋಸ್ಕೋಪಿನ ಪುಟದಲ್ಲೇ ಉಳಿದುಬಿಟ್ಟರೆ? ಹಾಗಂತ ಪ್ರತಿ ಸ್ಕ್ರೂಗೂ ನಂಬರ್ ಕೊಡಲು ಹೋದರೆ ಒಂದು ತಿಂಗಳಲ್ಲಿ ಎಲ್ಲರೂ ಕೈಚೆಲ್ಲುತ್ತಾರೆ. ನಾನು ಪಾಲಿಸುವ ನಿಯಮ ಸರಳ: ಒಂಟಿಯಾಗಿ ರಿಪೇರಿಗೆ ಹೋಗಬಹುದಾದ, ಒಂಟಿಯಾಗಿ ಕಳೆದುಹೋಗಬಹುದಾದ ಪ್ರತಿಯೊಂದಕ್ಕೂ ಒಂದು ನಂಬರ್. ಉಳಿದದ್ದೆಲ್ಲ ಅದರ ವಿವರದ ಒಳಗೆ.

ಅಂಗಡಿಯ ಬಾರ್‌ಕೋಡ್ ಇಂಥ ಒಂದು ತೀರ್ಮಾನದ ಮೇಲೆಯೇ ನಿಂತಿದೆ. ನಾರ್ಮನ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅಮೆರಿಕದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು 1949ರಲ್ಲಿ. ಅದು ಅಂಗಡಿಯ ಕೌಂಟರಿಗೆ ಬರಲು ಕಾಲು ಶತಮಾನ ಹಿಡಿಯಿತು. 1974ರ ಜೂನ್ 26ರಂದು ಒಹಾಯೊದ ಟ್ರಾಯ್ ಪಟ್ಟಣದ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕೆಟ್ ಸ್ಕ್ಯಾನ್ ಆಯಿತು. ಆ ಪಟ್ಟಿಗಳಲ್ಲಿ ಬೆಲೆ ಇರುತ್ತದೆ ಅಂತ ಇವತ್ತಿಗೂ ಎಷ್ಟೋ ಜನ ನಂಬಿದ್ದಾರೆ. ಇರುವುದು ಬರೀ ನಂಬರ್. ಬೆಲೆ ಅಂಗಡಿಯ ಕಂಪ್ಯೂಟರಿನಲ್ಲಿರುತ್ತದೆ. ಹಾಗಾಗಿಯೇ ಪ್ಯಾಕೆಟ್ ಮುಟ್ಟದೆ ಬೆಲೆ ಬದಲಿಸಬಹುದು. ವಸ್ತುವಿನ ಮೇಲೆ ನಂಬರ್, ಮಾಹಿತಿ ಬೇರೆ ಕಡೆ. ನಮ್ಮ ಇಡೀ ಕಸುಬು ಇದರ ಮೇಲೆ ನಡೆಯುತ್ತಿದೆ.

ಆದರೆ ಆ ನಂಬರ್ ಗಮ್‌ನ ಬಗೆಯನ್ನು ಹೇಳುತ್ತದೆ, ನಿಮ್ಮ ಕೈಲಿರುವ ಪ್ಯಾಕೆಟ್ಟನ್ನಲ್ಲ. ಅಂಥ ಪ್ಯಾಕೆಟ್ ಎಷ್ಟಿದ್ದರೂ ಎಲ್ಲಕ್ಕೂ ಒಂದೇ ನಂಬರ್. ಬಿಲ್ ಮಾಡಲು ಅಷ್ಟು ಸಾಕು. ಕೆಟ್ಟ ಔಷಧಿಯನ್ನು ಮಾರುಕಟ್ಟೆಯಿಂದ ವಾಪಸ್ ತರಿಸಬೇಕಾದರೆ ಬ್ಯಾಚ್ ನಂಬರ್ ಬೇಕು. ವಾರಂಟಿ, ರಿಪೇರಿ, ಕಳ್ಳತನ ಅಂದರೆ ಬಿಡಿ ವಸ್ತುವಿನ ಸೀರಿಯಲ್ ನಂಬರೇ ಬೇಕು. ಬಾರ್‌ಕೋಡ್ ನಂಬರ್‌ಗಳ ಪದ್ಧತಿ ನೋಡಿಕೊಳ್ಳುವ ಜಿಎಸ್1 ಸಂಸ್ಥೆ ಇವಕ್ಕೆಲ್ಲ ಗುರುತುಸಂಖ್ಯೆ ಇಟ್ಟಿದೆ: 01 ಅಂದರೆ ಮುಂದೆ ಬರುವುದು ಸರಕಿನ ನಂಬರ್, 10 ಅಂದರೆ ಬ್ಯಾಚ್, 17 ಅಂದರೆ ಅವಧಿ ಮುಗಿಯುವ ದಿನ, 21 ಅಂದರೆ ಸೀರಿಯಲ್. ಹಳೆಯ ಪಟ್ಟಿ ಬಾರ್‌ಕೋಡಿನಲ್ಲಿ ಇಷ್ಟಕ್ಕೆಲ್ಲ ಜಾಗ ಇಲ್ಲ, ಕ್ಯೂಆರ್‌ನಲ್ಲಿ ಇದೆ. ಅದಕ್ಕೇ 2027ರ ಕೊನೆಯ ಹೊತ್ತಿಗೆ ಅಂಗಡಿಯ ಸ್ಕ್ಯಾನರ್‌ಗಳೆಲ್ಲ ಕ್ಯೂಆರ್‌ನಂಥ ಚೌಕದ ಕೋಡ್‌ಗಳನ್ನೂ ಓದುವಂತಾಗಬೇಕು ಅಂತ ಗುರಿ ಇಟ್ಟುಕೊಂಡಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಂತೂ ಬಿಡಿ ವಸ್ತುವಿಗೆ ಗುರುತು ಕೊಡುವುದು ಕೆಲವು ಸರಕಿಗೆ ಕಾನೂನೇ ಆಗಿದೆ. 2027ರ ಫೆಬ್ರವರಿ 18ರಿಂದ ಎಲೆಕ್ಟ್ರಿಕ್ ವಾಹನದ ಪ್ರತಿ ಬ್ಯಾಟರಿಗೂ ಅಲ್ಲಿ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ಅದರ ವಿವರಗಳ ಆನ್‌ಲೈನ್ ದಾಖಲೆ, ಬೇಕು. ಅದಕ್ಕೆ ದಾರಿ ಬ್ಯಾಟರಿಯ ಮೇಲಿನ ಕ್ಯೂಆರ್.

ನಂಬರ್‌ನ ವಿಷಯದಲ್ಲಿ ಇನ್ನೊಂದು ಮಾತು. ಸ್ಟಿಕರ್ ಸವೆದುಹೋದಾಗ, ಕೋಡ್ ಹರಿದಾಗ ಮನುಷ್ಯರೇ ನಂಬರ್ ಟೈಪ್ ಮಾಡುತ್ತಾರೆ. ಆಗ ತಪ್ಪಾಗುತ್ತದೆ. ಅದಕ್ಕೆ ಕೊನೆಯಲ್ಲೊಂದು ತಪಾಸಣೆಯ ಅಂಕಿ ಇರುತ್ತದೆ. ಪುಸ್ತಕದ ಹಿಂಬದಿಯ ಐಎಸ್‌ಬಿಎನ್ ನೋಡಿ, 13 ಅಂಕಿ. ಪಾಠಗಳಲ್ಲಿ ಉದಾಹರಣೆಗೆ ಕೊಡುವ ಒಂದು ನಂಬರ್ 9780306406157. ಮೊದಲ 12 ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1ರಿಂದ, 3ರಿಂದ ಗುಣಿಸಿ ಕೂಡಿದರೆ 93 ಬರುತ್ತದೆ. ಮುಂದಿನ ಹತ್ತರ ಗುಣಕ 100. ಅದಕ್ಕೆ 7 ಬೇಕು. ಕೊನೆಯ ಅಂಕಿ 7. ಸರಿ. ಒಂದು ಅಂಕಿ ತಪ್ಪಿ ಒತ್ತಿದರೂ ಲೆಕ್ಕ ಕೂಡುವುದಿಲ್ಲ, ಕಂಪ್ಯೂಟರ್ ಬೇಡ ಅನ್ನುತ್ತದೆ.

ಈಗ ಇದೇ ನಂಬರ್‌ನಲ್ಲಿ ಕೊನೆಯ ಭಾಗದ 6 ಮತ್ತು 1 ಅದಲುಬದಲು ಮಾಡಿ: 9780306401657. ಕೂಡಿದರೆ 83. ಅದಕ್ಕೂ 7 ಸೇರಿಸಿದರೆ 90. ಪಾಸ್! ಪಕ್ಕಪಕ್ಕದ ಎರಡು ಅಂಕಿಗಳ ನಡುವಿನ ವ್ಯತ್ಯಾಸ 5 ಇದ್ದರೆ ಈ ಲೆಕ್ಕಕ್ಕೆ ಅದಲುಬದಲು ಕಾಣುವುದೇ ಇಲ್ಲ. ಹಳೆಯ 10 ಅಂಕಿಯ ಐಎಸ್‌ಬಿಎನ್, ಮೊತ್ತ ಹತ್ತರ ಬದಲು 11ರಿಂದ ಭಾಗವಾಗಬೇಕು ಅನ್ನುವ ಲೆಕ್ಕ ಬಳಸುತ್ತಿತ್ತು, ಇಂಥದ್ದನ್ನೂ ಹಿಡಿಯುತ್ತಿತ್ತು. ಕೆಲವು ಹಳೆಯ ಪುಸ್ತಕಗಳಲ್ಲಿ ನಂಬರ್ ಎಕ್ಸ್ ಅಕ್ಷರದಿಂದ ಮುಗಿಯುವುದು ಅದಕ್ಕೇ, ಅಲ್ಲಿ ಎಕ್ಸ್ ಅಂದರೆ 10. 2007ರಲ್ಲಿ ಪುಸ್ತಕಗಳೂ 13 ಅಂಕಿಗೆ ಬಂದವು, ಬಾರ್‌ಕೋಡಿನ ಲೋಕಕ್ಕೆ ಹೊಂದಿಕೊಂಡವು, ಈ ಒಂದು ಜಾಣತನವನ್ನು ಕಳೆದುಕೊಂಡವು. ನಿಮ್ಮದೇ ನಂಬರ್ ಪದ್ಧತಿ ಮಾಡಿಕೊಳ್ಳುವುದಾದರೆ 11ರ ಲೆಕ್ಕವನ್ನೇ ಹಿಡಿಯಿರಿ. ಖರ್ಚೇನಿಲ್ಲ.

ಇನ್ನು ಸ್ಟಿಕರ್. ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊದಲ್ಲಿ ಮಸಾಹಿರೊ ಹಾರಾ ಅವರ ತಂಡ ಮಾಡಿದ್ದು ಕಾರಿನ ಬಿಡಿಭಾಗಗಳಿಗೆ. ಎಣ್ಣೆ, ಮಸಿ ಹತ್ತಿದರೂ ಓದಬೇಕಿತ್ತು. ಆದ್ದರಿಂದ ತಪ್ಪು ಸರಿಪಡಿಸಿಕೊಳ್ಳುವ ಶಕ್ತಿ ನಾಲ್ಕು ಮಟ್ಟದಲ್ಲಿದೆ, ಮಟ್ಟಕ್ಕೆ ತಕ್ಕಂತೆ ಕೋಡಿನ ಸುಮಾರು ಶೇ 7ರಿಂದ ಶೇ 30ರವರೆಗೆ ಹಾಳಾದರೂ ಓದಬಹುದು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ 30ಕ್ಕೆ ಹೋಗುತ್ತಾರೆ. ಆದರೆ ಶಕ್ತಿ ಹೆಚ್ಚಿಸಿದಂತೆ ಅಷ್ಟೇ ಜಾಗದಲ್ಲಿ ಚೌಕಗಳು ಜಾಸ್ತಿಯಾಗಿ, ಒಂದೊಂದೂ ಸಣ್ಣದಾಗುತ್ತದೆ. ಪಂಪಿನ ಮೇಲಿನ ಪುಟ್ಟ ಸ್ಟಿಕರ್‌ನಲ್ಲಿ ಅದೇ ಮುಳುವು. ನಾನು ಹೆಚ್ಚಾಗಿ ಶೇ 15ರ ಮಟ್ಟಕ್ಕೆ ನಿಲ್ಲುತ್ತೇನೆ.

ಚೌಕ ಕಡಿಮೆ ಮಾಡುವ ಒಂದು ಸಣ್ಣ ಉಪಾಯ ಹೇಳುತ್ತೇನೆ. ಲಿಂಕನ್ನು ಪೂರ್ತಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ದೊಡ್ಡ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಿದ್ದರೆ ಕ್ಯೂಆರ್ ಒಂದು ಅಕ್ಷರಕ್ಕೆ ಐದೂವರೆ ಬಿಟ್ ತಗೊಳ್ಳುತ್ತದೆ. ಸಣ್ಣ ಅಕ್ಷರ ಬಂದರೆ ಎಂಟು. 36 ಅಕ್ಷರದ ಲಿಂಕ್ ಶೇ 15ರ ಮಟ್ಟದಲ್ಲಿ ದೊಡ್ಡಕ್ಷರದಲ್ಲಾದರೆ 25 ಸಾಲು, 25 ಕಂಬದಲ್ಲಿ ಕೂರುತ್ತದೆ. ಸಣ್ಣಕ್ಷರದಲ್ಲಾದರೆ 29 ಬೇಕು. ಡೊಮೇನ್ ಹೆಸರಿಗೆ, ಅಂದರೆ ಲಿಂಕಿನ ಮೊದಲಿಗೆ ಬರುವ ಸೈಟಿನ ಹೆಸರಿಗೆ, ದೊಡ್ಡದು ಸಣ್ಣದು ಎರಡೂ ಒಂದೇ. ಅದರ ನಂತರದ ಭಾಗಕ್ಕೆ ಮಾತ್ರ ಹಾಗಲ್ಲ, ಅದನ್ನು ಸರ್ವರಿನಲ್ಲಿ ಮೊದಲೇ ನೋಡಿಕೊಂಡಿರಬೇಕು. ಕೋಡಿನ ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು ಬಿಡುವುದನ್ನು ಮರೆಯಬೇಡಿ. ಡಿಸೈನ್ ಮಾಡುವವರು ಚೆಂದ ಕಾಣಲಿ ಅಂತ ಮೊದಲು ಕತ್ತರಿಸುವುದು ಅದನ್ನೇ.

ಸಾಮಾನ್ಯ ಆರ್‌ಎಫ್‌ಐಡಿ ಟ್ಯಾಗಿಗೆ ಬ್ಯಾಟರಿ ಬೇಕಿಲ್ಲ, ಓದುವ ಯಂತ್ರದ ರೇಡಿಯೋ ಅಲೆಯಿಂದಲೇ ಜೀವ ಪಡೆಯುತ್ತದೆ. ಕೆಲವು ಮೀಟರ್ ದೂರದಿಂದ, ಕಣ್ಣಿಗೆ ಕಾಣದಿದ್ದರೂ, ಒಂದೇ ಸಲಕ್ಕೆ ರಾಶಿ ವಸ್ತುಗಳನ್ನು ಓದಬಹುದು. ಇಡೀ ಕಪಾಟನ್ನು ಎಣಿಸಬೇಕಾದರೆ ಇದಕ್ಕೆ ಸಾಟಿಯಿಲ್ಲ. ಲೋಹ, ನೀರು ಅಂದರೆ ಮಾತ್ರ ಆಗುವುದಿಲ್ಲ. ಗೋಡೆಯಾಚೆಯ ಕೋಣೆಯ ಕುರ್ಚಿಯನ್ನೂ ಈ ಕೋಣೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಎನ್‌ಎಫ್‌ಸಿ ಅದರ ತಮ್ಮ, ಓದುವುದು ಕೆಲವೇ ಸೆಂಟಿಮೀಟರಿನಿಂದ. ಯಾವುದನ್ನೇ ಹಾಕಿ, ಪಕ್ಕದಲ್ಲಿ ಮನುಷ್ಯರು ಓದುವಂತೆ ನಂಬರ್ ಅಚ್ಚಾಗಿರಲಿ.

ಕೋಡಿನ ಒಳಗೆ ಯಾವ ವಿಳಾಸ ಹಾಕುತ್ತೀರಿ ಅನ್ನುವುದು ಇದೆಲ್ಲಕ್ಕಿಂತ ದೊಡ್ಡ ವಿಷಯ. ಪುಕ್ಕಟೆ ಸಿಗುವ ಲಿಂಕ್ ಚಿಕ್ಕದು ಮಾಡುವ ಸೇವೆ ಬಳಸಿದರೆ ಅದು ನಿಂತ ದಿನ ನಿಮ್ಮ ಸ್ಟಿಕರ್‌ಗಳೆಲ್ಲ ಬರೀ ಚಿತ್ರ. ಸ್ವಂತ ಡೊಮೇನ್ ಇದ್ದರೂ ನವೀಕರಿಸುತ್ತಿರಬೇಕು. 2015ರಲ್ಲಿ ಜರ್ಮನಿಯಲ್ಲಿ ದೊಡ್ಡ ಸಾಸ್ ಕಂಪನಿಯೊಂದರ ಬಾಟಲಿಯ ಕ್ಯೂಆರ್ ಸ್ಕ್ಯಾನ್ ಮಾಡಿದ ಗಿರಾಕಿ ಅಶ್ಲೀಲ ಸೈಟಿಗೆ ಹೋಗಿ ಮುಟ್ಟಿದ. ಸ್ಪರ್ಧೆಯೊಂದಕ್ಕೆ ಕೊಂಡಿದ್ದ ಡೊಮೇನಿನ ಅವಧಿ ಮುಗಿದಿತ್ತು, ಬೇರೆಯವರು ಕೊಂಡುಕೊಂಡಿದ್ದರು. ಬಾಟಲಿ ಮಾತ್ರ ಇನ್ನೂ ಮನೆಗಳಲ್ಲಿತ್ತು. ಸಾಸ್ ಬಾಟಲಿಯ ಆಯಸ್ಸೇ ಇಷ್ಟಾದರೆ ಇಪ್ಪತ್ತು ವರ್ಷ ಓಡುವ ಪಂಪಿನ ಕಥೆ ಏನು? ಕೋಡಿನಲ್ಲಿ ಸ್ವಂತ ಡೊಮೇನ್ ಮತ್ತು ನಂಬರ್ ಇಷ್ಟೇ ಇರಲಿ. ಇಲಾಖೆಯ ಹೆಸರು, ಸಾಫ್ಟ್‌ವೇರಿನ ಹೆಸರು, ಪ್ರಶ್ನಾರ್ಥಕ ಚಿಹ್ನೆಯ ಬಾಲ ಯಾವುದೂ ಬೇಡ. ಆ ನಂಬರ್ ಇವತ್ತು ಯಾವ ಪುಟಕ್ಕೆ ಹೋಗಬೇಕು ಅನ್ನುವುದನ್ನು ಸರ್ವರ್ ತೀರ್ಮಾನಿಸಲಿ.

ಸರಿ, ಈಗ ಹುಡುಕಾಟ. ಇಲ್ಲಿ ಹೆಚ್ಚಿನ ಯೋಜನೆಗಳು ಸದ್ದಿಲ್ಲದೆ ಸೋಲುತ್ತವೆ. ಒಬ್ಬರು ಕುರ್ಚಿ ಅಂತ ಬರೆದಿದ್ದಾರೆ, ಇನ್ನೊಬ್ಬರು ಚೇರ್, ಮೂರನೆಯವರು ಕಂಪನಿಯ ಮಾಡೆಲ್ ಹೆಸರು. ಪೈಪಿನ ಅಳತೆ ಒಂದು ಕಡೆ 2 ಇಂಚು, ಇನ್ನೊಂದು ಕಡೆ 50 ಮಿಲಿಮೀಟರ್. ತಾರೀಖು 03/04/05 ಅಂತ ಇದ್ದರೆ ಅದು ಯಾವ ದಿನವೋ ದೇವರೇ ಬಲ್ಲ. ಪ್ರತಿ ವಸ್ತುವೂ ಆನ್‌ಲೈನಿನಲ್ಲಿದೆ, ಹುಡುಕಿದರೆ ಸಿಗುವುದಿಲ್ಲ. ವಸ್ತುಗಳ ಬಗೆಗಳಿಗೆ ಒಂದು ಪಟ್ಟಿ ಮಾಡಿ, ಅದರಿಂದಲೇ ಆರಿಸುವಂತಿರಲಿ. ಜನ ಬಳಸುವ ಬೇರೆ ಹೆಸರುಗಳನ್ನೂ ಅದೇ ಪಟ್ಟಿಯ ಹಿಂದೆ ಜೋಡಿಸಿ. ಹೊರಗಿನ ಹುಡುಕು ಯಂತ್ರಗಳಿಗೂ ಕಾಣಬೇಕಾದರೆ 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಶುರುಮಾಡಿದ ಸ್ಕೀಮಾ ಡಾಟ್ ಆರ್ಗ್ ಅನ್ನುವ, ವೆಬ್ ಪುಟಗಳಿಗಾಗಿ ಮಾಡಿದ ಸಾಮಾನ್ಯ ಪದಪಟ್ಟಿ ಇದೆ. ಸರಕಿನ ನಂಬರ್, ಸೀರಿಯಲ್ ನಂಬರ್ ಎರಡಕ್ಕೂ ಅಲ್ಲಿ ಜಾಗ ಇದೆ. ಹೊಸದಾಗಿ ಹುಟ್ಟಿಸಲು ಹೋಗಬೇಡಿ.

ನನಗೆ ಕಂಡರಾಗದ ಒಂದು ಕಾಲಂ ಇದೆ: ಇರುವ ಜಾಗ. ಡೇಟಾಬೇಸಿನಲ್ಲಿ ಎರಡನೇ ಮಹಡಿ ಅಂತ ಇರುತ್ತದೆ. ಯಾರು ಬರೆದರು, ಯಾವಾಗ ಬರೆದರು ಗೊತ್ತಿಲ್ಲ. ವಸ್ತು ಓಡಾಡುತ್ತದೆ, ಕಾಲಂ ಓಡಾಡುವುದಿಲ್ಲ. ಅದರ ಬದಲು ಕೊನೆಯ ಸಲ ಎಲ್ಲಿ ಕಂಡಿತು, ಯಾವಾಗ ಕಂಡಿತು ಅಂತ ಇಟ್ಟುಕೊಳ್ಳಿ. ಇದನ್ನು ಯಾರೂ ಕೂತು ತುಂಬಬೇಕಿಲ್ಲ, ಪ್ರತಿ ಸ್ಕ್ಯಾನಿಗೂ ತಾನಾಗಿ ಸೇರುವಂತೆ ಮಾಡಬಹುದು. ಮೂರು ದಿನದ ಹಿಂದೆ ಎರಡನೇ ಮಹಡಿ ಅಂದರೆ ಹೋಗಿ ನೋಡಬಹುದು. ನಾಲ್ಕು ವರ್ಷದ ಹಿಂದೆ ಅಂದರೆ ಕಳೆದಿದೆ ಅಂತಲೇ ಅರ್ಥ, ಅಲ್ವಾ? ಜಿಎಸ್1ನ ಇಪಿಸಿಐಎಸ್ ಅನ್ನುವ ಮಾನದಂಡವೂ ಹೀಗೇ ಯೋಚಿಸುತ್ತದೆ. ಏನು, ಯಾವಾಗ, ಎಲ್ಲಿ, ಯಾಕೆ ಅಂತ ಪ್ರತಿ ಘಟನೆಯನ್ನೂ ಬರೆದಿಡುತ್ತದೆ.

ಪುಟಗಳು ಎಲ್ಲರಿಗೂ ತೆರೆದಿದ್ದರೆ ನಂಬರ್‌ಗಳನ್ನು 1, 2, 3 ಅಂತ ಸಾಲಾಗಿ ಕೊಡಬೇಡಿ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಲೆಕ್ಕಿಗರು ಸಿಕ್ಕ ಜರ್ಮನ್ ಟ್ಯಾಂಕುಗಳ ಸೀರಿಯಲ್ ನಂಬರ್ ನೋಡಿ ತಿಂಗಳ ಉತ್ಪಾದನೆ ಅಂದಾಜು ಮಾಡಿದ್ದರು. 1942ರ ಆಗಸ್ಟಿಗೆ ಗೂಢಚಾರರ ಅಂದಾಜು 1,550, ನಂಬರ್‌ಗಳ ಲೆಕ್ಕ 327. ಯುದ್ಧ ಮುಗಿದ ಮೇಲೆ ಸಿಕ್ಕ ದಾಖಲೆಯಲ್ಲಿ ಇದ್ದದ್ದು 342. ನಿಮ್ಮ ಸ್ಟಿಕರ್‌ನ ನಂಬರ್ ನೋಡಿ ನಿಮ್ಮಲ್ಲಿ ಎಷ್ಟು ಯಂತ್ರ ಇವೆ, ತಿಂಗಳಿಗೆ ಎಷ್ಟು ಮಾರುತ್ತೀರಿ ಅಂತ ಯಾರು ಬೇಕಾದರೂ ಹಾಗೆಯೇ ಲೆಕ್ಕ ಹಾಕಬಹುದು. ಒಂದೊಂದೇ ನಂಬರ್ ಏರಿಸುತ್ತ ಇಡೀ ಪಟ್ಟಿಯನ್ನು ಇಳಿಸಿಕೊಳ್ಳಲೂಬಹುದು.

ಕೊನೆಗೆ ಗುಜರಿಗೆ ಹೋದ ವಸ್ತುಗಳ ವಿಷಯ. ವಸ್ತು ಹೋಯಿತು ಅಂತ ಪುಟ ಅಳಿಸುತ್ತಾರೆ, ಖಾಲಿಯಾದ ನಂಬರನ್ನು ಹೊಸದಕ್ಕೆ ಕೊಡುತ್ತಾರೆ. ಹಳೆಯ ಬಿಲ್, ಹಳೆಯ ವರದಿ, ಯಾರದೋ ಫೋನಿನಲ್ಲಿ ಉಳಿದ ಲಿಂಕ್ ಎಲ್ಲವೂ ಆಗ ಬೇರೆ ವಸ್ತುವನ್ನು ತೋರಿಸತೊಡಗುತ್ತವೆ. ಅಂಗಡಿ ಸರಕಿನ ನಂಬರ್‌ಗಳಿಗೂ ಮೊದಲು ಮರುಬಳಕೆಯ ಅವಕಾಶ ಇತ್ತು, 2019ರಿಂದ ಅದನ್ನು ನಿಲ್ಲಿಸಿದ್ದಾರೆ. ನೀವೂ ಪುಟ ಉಳಿಸಿಕೊಳ್ಳಿ. ಅದರಲ್ಲಿ ವಸ್ತು ಏನಾಗಿತ್ತು, ಯಾವತ್ತು ವಿಲೇವಾರಿ ಆಯಿತು, ಅದರ ಜಾಗಕ್ಕೆ ಯಾವ ನಂಬರಿನದು ಬಂತು ಅಂತ ಮೂರು ಸಾಲು ಇದ್ದರೆ ಸಾಕು. ಹುಡುಕಾಟದ ಪಟ್ಟಿಯಲ್ಲಿ ಅದು ಮೊದಲಿಗೆ ಬಾರದಂತೆ ಒಂದು ಗುರುತು ಹಾಕಿಡಿ.