ಒಂದು ನೊಗ, ಹಲವು ಹೋಳು: ಚೀನೀ ಭಾಷೆಗೆ ಬಂದ 'ಕಾಂಜುಗೇಷನ್'

ಕ್ರಿಯಾಪದವು ಪುರುಷ, ವಚನ, ಕಾಲಗಳಿಗೆ ತಕ್ಕಂತೆ ರೂಪ ಬದಲಿಸುವುದಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ 'ಕಾಂಜುಗೇಷನ್' ಎನ್ನುತ್ತಾರೆ. ಅಣುವಿನಲ್ಲಿ ಏಕಬಂಧ, ದ್ವಿಬಂಧಗಳು ಒಂದಾದ ಮೇಲೊಂದರಂತೆ ಸಾಲುಗೊಂಡಿದ್ದರೆ ರಸಾಯನಶಾಸ್ತ್ರಜ್ಞರು ಹೇಳುವ ಪದವೂ, ಎರಡು ಬ್ಯಾಕ್ಟೀರಿಯಾಗಳು ಕೂಡಿ ಒಂದರ ಡಿಎನ್ಎ ಇನ್ನೊಂದಕ್ಕೆ ಸಾಗುವುದಕ್ಕೆ ಜೀವಶಾಸ್ತ್ರಜ್ಞರು ಹೇಳುವ ಪದವೂ ಇದೇ. ಇಂಗ್ಲಿಷಿನಲ್ಲಿ ಒಂದೇ ಆಗಿರುವ ಈ ಪದ ಚೀನೀ ಭಾಷೆಯಲ್ಲಿ ಹೋಳು ಹೋಳಾಗಿದೆ.

ಪದದ ಮೂಲ ಲ್ಯಾಟಿನ್ನಿನ 'ಯುಗುಮ್', ಅಂದರೆ ನೊಗ. ಸಂಸ್ಕೃತದ 'ಯುಗ' ಇದರ ಸೋದರ ಪದ. ಲ್ಯಾಟಿನ್ ವೈಯಾಕರಣರು ಕೂಡ ಇದನ್ನು ತಾವಾಗಿ ಹುಟ್ಟಿಸಲಿಲ್ಲ. ಜೊತೆಗೂಡಿಸಿ ನೊಗಕ್ಕೆ ಕಟ್ಟುವುದು ಎಂಬ ಅರ್ಥದ 'ಸಿಜೀಗಿಯಾ' ಎಂಬ ಗ್ರೀಕ್ ಪದವನ್ನು ಅನುವಾದಿಸಿಕೊಂಡರು. ಮುಂದೆ ಗಣಿತದವರು ಇದನ್ನು ಜೋಡಿ ಸಂಖ್ಯೆಗಳಿಗೆ ಬಳಸಿದರು, 1899ರಲ್ಲಿ ಜರ್ಮನಿಯ ಯೋಹಾನೆಸ್ ಟೀಲೆ ದ್ವಿಬಂಧಗಳಿಗೆ ಅನ್ವಯಿಸಿದರು, 1923ರ ಬ್ರಾನ್‌ಸ್ಟೆಡ್–ಲೌರಿ ಸಿದ್ಧಾಂತದ ನಂತರ ಆಮ್ಲ–ಪ್ರತ್ಯಾಮ್ಲಗಳ ಜೋಡಿಗೂ ಅದೇ ಹೆಸರಾಯಿತು.

ಚೀನಾದಲ್ಲಿ ಗಣಿತ ಮತ್ತು ವ್ಯಾಕರಣಗಳ ಪರಿಭಾಷೆ ಬೇರೆ ಬೇರೆ ಕೈಗಳಲ್ಲಿ ರೂಪುಗೊಂಡಿತು. ಗಣಿತದ ಕಡೆ, ಶಾಂಘೈಯಲ್ಲಿ ಲಿ ಶಾನ್‌ಲಾನ್ ಮತ್ತು ಇಂಗ್ಲೆಂಡಿನ ಅಲೆಕ್ಸಾಂಡರ್ ವೈಲಿ ಕೂಡಿ 1859ರಲ್ಲಿ ಪ್ರಕಟಿಸಿದ ಅನುವಾದಗಳ ಹಲವು ಪದಗಳು ಇಂದಿಗೂ ಬಳಕೆಯಲ್ಲಿವೆ. ವ್ಯಾಕರಣದ ಕಡೆ, 1898ರಲ್ಲಿ ಮಾ ಜಿಯಾನ್‌ಜೊಂಗ್ ಅವರ ಕೃತಿ ಹೊರಬರತೊಡಗಿತು. ಶಾಂಘೈಯ ಜೆಸ್ವಿಟ್ ಶಾಲೆಯಲ್ಲಿ ಲ್ಯಾಟಿನ್ ಕಲಿತು, ಫ್ರಾನ್ಸಿನಲ್ಲಿ ಓದಿ ಬಂದ ಮಾ ಅವರಿಗೆ ಕ್ರಿಯಾರೂಪಗಳ ಪಟ್ಟಿ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅವರ ಭಾಷೆಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಕನ್ನಡದಲ್ಲಿ ನಾನು ಮಾಡುತ್ತೇನೆ, ಅವಳು ಮಾಡುತ್ತಾಳೆ ಎಂದು ಪ್ರತ್ಯಯ ಬದಲಾದರೆ, ಚೀನೀಯಲ್ಲಿ ಮಾಡುವವರು ಯಾರೇ ಆದರೂ ಕ್ರಿಯಾಪದ 'ಜುವೊ' ಎಂದೇ ನಿಲ್ಲುತ್ತದೆ. ಕ್ರಿಯಾಪದ ಬದಲಾಗದ ಈ ಕೊರತೆಯನ್ನು ವಾಕ್ಯದ ಕೊನೆಗೆ ಬರುವ ಸಹಾಯಕ ಪದಗಳು ತುಂಬುತ್ತವೆ, ಅವು ಚೀನೀ ಭಾಷೆಗೇ ವಿಶಿಷ್ಟ ಎಂದು ಮಾ ಬರೆದರು. 'ಬಂದನೇ', 'ಬಂದನಂತೆ' ಎನ್ನುವ ನಮಗೆ ಆ ಮಾತಿನ ಉತ್ತರಾರ್ಧವನ್ನು ಒಪ್ಪುವುದು ಕಷ್ಟ. ಇಲ್ಲಿ ಕ್ರಿಯೆಯೂ ಬದಲಾಗುತ್ತದೆ, ಬಾಲವೂ ಸೇರುತ್ತದೆ.

ಹೀಗಾಗಿ ವ್ಯಾಕರಣದ ಅರ್ಥಕ್ಕೆ ಪದ ಬೇಕಾದದ್ದು ಪರಭಾಷೆಗಳನ್ನು ಕಲಿಸುವಾಗ. ಅಲ್ಲಿ ನಿಂತ ಪದ 'ಬಿಯೆನ್-ವೇಯ್', ಅಕ್ಷರಶಃ 'ಸ್ಥಾನ ಬದಲಾವಣೆ'. ನೊಗದ ಸುಳಿವೂ ಅದರಲ್ಲಿಲ್ಲ. ನನ್ನ ಮಟ್ಟಿಗೆ ಇದು ಸಪ್ಪೆ ಆಯ್ಕೆ, ಏಕೆಂದರೆ ಬದಲಾಗುವುದು ರೂಪವೇ ಹೊರತು ಸ್ಥಾನವಲ್ಲ. ಮೇಲಾಗಿ ಯಂತ್ರಶಾಸ್ತ್ರದಲ್ಲಿ ಒಂದು ಬಗೆಯ ಹಲ್ಲುಚಕ್ರದ ಹೆಸರಿನಲ್ಲೂ ಇದೇ ಪದವಿದೆ.

ನೊಗ ಉಳಿದದ್ದು ಗಣಿತ, ರಸಾಯನಶಾಸ್ತ್ರಗಳಲ್ಲಿ. ಅಲ್ಲಿನ ಪದ 'ಗೊಂಗ್-ಅ': ಮೊದಲ ಅಕ್ಷರಕ್ಕೆ 'ಕೂಡಿ' ಎಂದೂ, ಬಂಡಿಯ ಚಿಹ್ನೆಯಿರುವ ಎರಡನೆಯದಕ್ಕೆ 'ನೊಗ' ಎಂದೂ ಅರ್ಥ. ಇಂಗ್ಲಿಷ್ ವಿದ್ಯಾರ್ಥಿಗೆ ಕಾಣದ ಚಿತ್ರ ಚೀನೀ ವಿದ್ಯಾರ್ಥಿಗೆ ಅಕ್ಷರದಲ್ಲೇ ಕಾಣುತ್ತದೆ. ಜಪಾನಿನಲ್ಲಿಯೂ ಇದೇ ಎರಡು ಅಕ್ಷರಗಳಿದ್ದವು. ಯುದ್ಧಾನಂತರ ಬಳಕೆಯ ಅಕ್ಷರಗಳಿಗೆ ಮಿತಿ ಹಾಕಿದಾಗ ನೊಗದ ಅಕ್ಷರ ಪಟ್ಟಿಯಿಂದ ಹೊರಗುಳಿದು, ಅದೇ ಉಚ್ಚಾರಣೆಯ, 'ಸೇವೆ' ಎಂಬರ್ಥದ ಅಕ್ಷರ ಆ ಜಾಗಕ್ಕೆ ಬಂತು.

ಜೀವಶಾಸ್ತ್ರ ಮತ್ತು ವೈದ್ಯಕೀಯದವರು ನೊಗವನ್ನು ಮುಟ್ಟಲಿಲ್ಲ. ಬ್ಯಾಕ್ಟೀರಿಯಾಗಳ ಕೂಡುವಿಕೆ 'ಜಿಯೆ-ಹ' ಆಯಿತು. ಬ್ಯಾಕ್ಟೀರಿಯಾದ ಸಕ್ಕರೆ ಸರಪಳಿಯನ್ನು ಪ್ರೋಟೀನಿಗೆ ಬೆಸೆದು ಮಾಡುವ ಕಾಂಜುಗೇಟ್ ಲಸಿಕೆಯೂ 'ಜಿಯೆ-ಹ' ಲಸಿಕೆಯೇ, ಆದರೆ ಮೊದಲ ಅಕ್ಷರ ಬೇರೆ, ಅದರ ಸ್ವರದ ಏರಿಳಿತ ಬೇರೆ. ಕನ್ನಡ ಲಿಪಿಯಲ್ಲಿ ಆ ವ್ಯತ್ಯಾಸ ತೋರಿಸಲಾಗದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪ್ರತಿಕಾಯಕ್ಕೆ ಔಷಧ ಬೆಸೆದಾಗ ಅದು 'ಒವ್-ಲಿಯೆನ್', ಜೋಡಿಬೆಸುಗೆ. ಈ ಭೇದ ಉಪಯುಕ್ತವೇ: ರಸಾಯನಶಾಸ್ತ್ರದ ಓದುಗನಿಗೆ 'ಗೊಂಗ್-ಅ' ಎಂದೊಡನೆ ಹಲವು ಬಂಧಗಳ ಮೇಲೆ ಹರಡಿಕೊಂಡ ಎಲೆಕ್ಟ್ರಾನುಗಳು ನೆನಪಾಗುತ್ತವೆ, ಲಸಿಕೆಯಲ್ಲಿ ನಡೆದಿರುವುದಾದರೋ ಎರಡು ಅಣುಗಳ ಬೆಸುಗೆ ಮಾತ್ರ.

1985ರಲ್ಲಿ ಬೀಜಿಂಗ್‌ನಲ್ಲಿ ವೈಜ್ಞಾನಿಕ ಪದಗಳನ್ನು ಪರಿಶೀಲಿಸಿ ನಿಗದಿಪಡಿಸುವ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಅದು ಪದಗಳನ್ನು ಶಾಸ್ತ್ರವಾರು ಪಟ್ಟಿಗಳಲ್ಲಿ ಪ್ರಕಟಿಸುತ್ತದೆ. ಆದ್ದರಿಂದ 'ಕಾಂಜುಗೇಷನ್'ಗೆ ಚೀನೀಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದವರಿಗೆ, ಯಾವ ಶಾಸ್ತ್ರದ್ದು ಎಂಬ ಮರುಪ್ರಶ್ನೆಯೇ ಮೊದಲು ಎದುರಾಗುತ್ತದೆ.