ಉಂಗುರದಲ್ಲಿ ಕಂಡಷ್ಟೇ ಹೇಳಿ

ಸೋಮವಾರ ಬೆಳಿಗ್ಗೆ ಮೊಬೈಲ್ ತೆರೆಯಲು ನನಗೆ ಈಚೆಗೆ ಸಣ್ಣ ಅಂಜಿಕೆ. ನವೆಂಬರಿನಿಂದ ಫೆಬ್ರುವರಿವರೆಗೆ ವಾರದ ಕೊನೆಯಲ್ಲಿ ಕಡೂರಿನ ಹುಲ್ಲುಗಾವಲಿಗೆ, ಮುಳ್ಳಯ್ಯನಗಿರಿಯ ಇಳಿಜಾರಿಗೆ, ಗೊರೂರಿನ ಹಿನ್ನೀರಿಗೆ ಕ್ಯಾಮೆರಾ ಹೊತ್ತು ಹೋದವರೆಲ್ಲ ಭಾನುವಾರ ರಾತ್ರಿಯೇ ಚಿತ್ರ ಕಳುಹಿಸಿರುತ್ತಾರೆ. ಹೆಚ್ಚಿನವು ‘ಇದು ಯಾವ ಹಕ್ಕಿ?’ ಎಂಬ ಪ್ರಶ್ನೆಗಳು. ಅವಕ್ಕೆ ಕಾಫಿ ಕುಡಿಯುತ್ತಲೇ ಉತ್ತರ ಬರೆಯುತ್ತೇನೆ. ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಲು ಅವನ್ನು ಹಿಡಿದು, ಕಾಲಿಗೆ ಗುರುತಿನ ಅಕ್ಷರ ಅಥವಾ ಸಂಖ್ಯೆಯ ಉಂಗುರ ತೊಡಿಸಿ ಬಿಡುತ್ತಾರೆ; ನಾನೂ ಆ ಕೆಲಸದವನು. ಹಾಗೆ ಕಾಲಲ್ಲಿ ಉಂಗುರವಿರುವ ಹಕ್ಕಿಯ ಚಿತ್ರ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಅಂದು ಕಾಫಿ ಆರಿ ತಣ್ಣಗಾಗುತ್ತದೆ.

ಹೋದ ಚಳಿಗಾಲದಲ್ಲಿ ಹಾಗೆ ಬಂದ ಒಂದು ಚಿತ್ರ ಬಹಳ ಚೆನ್ನಾಗಿತ್ತು. ಹೆಣ್ಣು ಜೌಗು ಸೆಳೆವ, ಇಂಗ್ಲಿಷಿನಲ್ಲಿ ಮಾರ್ಷ್ ಹ್ಯಾರಿಯರ್ ಎನ್ನುವ ಬೇಟೆಹಕ್ಕಿ. ಕೆನೆಬಣ್ಣದ ನೆತ್ತಿ, ಕಂದು ಮೈ, ಚಾಚಿದ ಉದ್ದ ಕಾಲು. ಕಾಲಲ್ಲಿ ಬಿಳಿ ಉಂಗುರ, ಅದರ ಮೇಲೆ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿದಷ್ಟು ಸ್ಪಷ್ಟವಾಗಿ ಮೂರು ಅಕ್ಷರ. ತೆಗೆದವರು ಅರಸೀಕೆರೆ ಕಡೆಯ ಯುವಕ, ಬೆಂಗಳೂರಿನಲ್ಲಿ ಇಂಜಿನಿಯರ್. ನಾನು ಹಿಗ್ಗಿಹೋದೆ. ಅದೇ ದಿನ ಅಂಥ ಉಂಗುರ ಹಾಕುವವರಿಗೆ ಬರೆದೆ. ಹದಿನೈದು ದಿನದ ಮೇಲೆ ಉತ್ತರ ಬಂತು: ಈ ಜಾತಿಯ ಯಾವ ಹಕ್ಕಿಗೂ ಈ ಅಕ್ಷರಗಳ ಉಂಗುರವನ್ನು ನಾವು ಹಾಕಿಲ್ಲ.

ಮೂಲಚಿತ್ರ ಕೇಳಿದೆ. ಅದರಲ್ಲಿ ಉಂಗುರವೆಂದರೆ ಕಾಲಿಗೆ ಸುಣ್ಣ ಮೆತ್ತಿದ ಹಾಗೆ ಒಂದು ಬಿಳಿ ಕಲೆ. ಅಕ್ಷರದ ಸುಳಿವೂ ಇಲ್ಲ. “ಸಾರ್, ನಾನು ಏನನ್ನೂ ಸೇರಿಸಿಲ್ಲ. ಸ್ವಲ್ಪ ಮಸುಕಾಗಿತ್ತು, ಆ್ಯಪ್‌ನಲ್ಲಿ ಸ್ಪಷ್ಟ ಮಾಡಿದೆ ಅಷ್ಟೇ” ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಸೇರಿಸಿದ್ದು ಆ್ಯಪ್. ಈ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಮಸುಕನ್ನು ಒರೆಸಿ ಕೆಳಗಿರುವುದನ್ನು ತೋರಿಸುವುದಿಲ್ಲ. ಇಲ್ಲಿ ಏನಿರಬಹುದು ಎಂದು ಊಹಿಸಿ ಹೊಸದಾಗಿ ಬರೆಯುತ್ತವೆ. ಗರಿಯ ಎಳೆ ಬರೆದರೆ ಯಾರಿಗೂ ನಷ್ಟವಿಲ್ಲ. ಉಂಗುರದ ಅಕ್ಷರ ಬರೆದರೆ, ಇಲ್ಲದ ಹಕ್ಕಿಯೊಂದನ್ನು ಹುಟ್ಟಿಸಿದಂತಾಯಿತು.

ಈ ಮಾತನ್ನು ಎಷ್ಟು ಸಲ ಹೇಳಿದರೂ ‘ಹಾಗಾದರೆ ಒಳ್ಳೆಯ ಆ್ಯಪ್ ಯಾವುದು?’ ಎಂದೇ ಕೇಳುತ್ತಾರೆ. ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಹವ್ಯಾಸಿಗಳಲ್ಲಿ ಸಾಮಾನ್ಯವಾಗಿರುವ 24 ಮೆಗಾಪಿಕ್ಸೆಲ್‌ನ ಸಣ್ಣ ಸೆನ್ಸರ್ ಕ್ಯಾಮೆರಾ, 600 ಮಿ.ಮೀ. ಲೆನ್ಸ್, ನೂರು ಮೀಟರ್ ದೂರದಲ್ಲಿ ಹಕ್ಕಿ. ಅಲ್ಲಿ ಒಂದು ಪಿಕ್ಸೆಲ್ ಸುಮಾರು 0.65 ಮಿ.ಮೀ. ಜಾಗವನ್ನು ಹಿಡಿಯುತ್ತದೆ. ಉಂಗುರದ ಅಕ್ಷರ 8 ಮಿ.ಮೀ. ಎತ್ತರವಿದೆ ಎಂದುಕೊಳ್ಳಿ, ಅದಕ್ಕೆ ಸಿಗುವುದು ಹನ್ನೆರಡು ಪಿಕ್ಸೆಲ್. ಕೈ ನಡುಗದೆ, ಬಿಸಿಲಿನ ಝಳ ಇಲ್ಲದಿದ್ದರೆ ಓದಬಹುದು. ಇನ್ನೂರು ಮೀಟರಿಗೆ ಅದು ಆರಾಗುತ್ತದೆ. ಈಗ ನೂರು ಮೀಟರಿನ ಚಿತ್ರವನ್ನೇ ನೀವು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳುಹಿಸಿದಿರಿ. ಆರು ಸಾವಿರ ಪಿಕ್ಸೆಲ್ ಅಗಲದ ಚಿತ್ರ ಸಾವಿರದ ಆರುನೂರರ ಆಸುಪಾಸಿಗೆ ಕುಗ್ಗುತ್ತದೆ. ಹನ್ನೆರಡು ಇದ್ದದ್ದು ಮೂರು.

ಮನೆಯಲ್ಲಿ ಮಕ್ಕಳ ಗಣಿತದ ಚೌಕಳಿ ಪುಸ್ತಕವಿದ್ದರೆ ತೆಗೆದುಕೊಳ್ಳಿ. ಮೂರು ಚೌಕದ ಎತ್ತರದಲ್ಲಿ, ಚೌಕವನ್ನು ತುಂಬುವುದು ಇಲ್ಲವೇ ಬಿಡುವುದು ಎಂಬ ಎರಡೇ ಆಯ್ಕೆಯಲ್ಲಿ, ಇಂಗ್ಲಿಷಿನ ‘ಬಿ’ ಅಕ್ಷರ ಬರೆಯಿರಿ. ಪಕ್ಕದಲ್ಲಿ 8 ಬರೆಯಿರಿ. ಅದರ ಪಕ್ಕ 3, ಅದರ ಪಕ್ಕ ಸೊನ್ನೆ. ಬರೆದ ನಿಮಗೇ ಯಾವುದು ಯಾವುದೆಂದು ಗೊತ್ತಾಗದು. ಜಗತ್ತಿನ ಯಾವ ಆ್ಯಪ್ಪಿಗೂ ಗೊತ್ತಾಗದು, ಏಕೆಂದರೆ ಅಲ್ಲಿ ಇಲ್ಲದ್ದನ್ನು ಯಾರೂ ತೆಗೆದುಕೊಡಲಾರರು. ಚಿತ್ರವನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿ, ಇಲ್ಲವೇ ಇ-ಮೇಲ್ ಮಾಡಿ. ಕತ್ತರಿಸಬೇಡಿ, ತಿದ್ದಬೇಡಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದೂ ಒಮ್ಮೆ ನೋಡಿ. 2016ರಲ್ಲೇ ನಿಂತುಹೋದ ಕ್ಯಾಮೆರಾಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಇನ್ನೊಂದು ಕೊರಗು. ನಲವತ್ತು ಚಿತ್ರ ತೆಗೆದು, ರೆಕ್ಕೆ ಎತ್ತಿದ್ದು ಚೆನ್ನಾಗಿದೆ ಎಂದು ಒಂದನ್ನು ಇಟ್ಟುಕೊಂಡು ಉಳಿದ ಮೂವತ್ತೊಂಬತ್ತನ್ನು ಅಳಿಸಿಬಿಡುತ್ತಾರೆ. ನನಗೆ ಬೇಕಾದದ್ದು ಆ ಮೂವತ್ತೊಂಬತ್ತು. ಲೋಹದ ಉಂಗುರದ ಸಂಖ್ಯೆ ಬಳೆಯ ಚಿತ್ತಾರದಂತೆ ಸುತ್ತಲೂ ಹರಡಿರುತ್ತದೆ. ನಮ್ಮಲ್ಲಿ ಹಾಕುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಉಂಗುರದಲ್ಲಿ ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆ, ಜೊತೆಗೆ ಸಂಖ್ಯೆ. ಒಂದು ಕೋನದಿಂದ ನೋಡಿದರೆ ಅರ್ಧವೂ ಕಾಣುವುದಿಲ್ಲ. ಹಕ್ಕಿ ಹೆಜ್ಜೆ ಎತ್ತಿಟ್ಟಂತೆ ಒಂದು ಚಿತ್ರದಲ್ಲಿ ಮೊದಲೆರಡು ಅಂಕಿ, ಇನ್ನೊಂದರಲ್ಲಿ ನಡುವಿನದು, ಬಾಲ ಅಡ್ಡ ಬಂದ ಕೆಟ್ಟ ಚಿತ್ರದಲ್ಲಿ ಕೊನೆಯದು. ಹೀಗೆ ಪೋಣಿಸಿಕೊಂಡು ಓದುವುದು ನಮ್ಮ ಕೆಲಸ. ಹಾರುವಾಗ ಸೆಳೆವ ಕಾಲನ್ನು ಬಾಲದಡಿ ಮಡಿಚಿಕೊಂಡಿರುತ್ತದೆ. ಕಾಲು ಜೋತುಬೀಳುವುದು ಹುಲ್ಲಿಗೆ ಇಳಿಯುವ ಒಂದೆರಡು ಕ್ಷಣ ಮಾತ್ರ. ಆ ಚಿತ್ರ ಸಾಧಾರಣವಾಗಿ ಅಂದವಾಗಿರುವುದಿಲ್ಲ. ಅಂದವಿಲ್ಲವೆಂದೇ ಅಳಿಸಿರುತ್ತಾರೆ.

ಅಂದದ ಹುಚ್ಚಿಗೆ ಇನ್ನೊಂದು ಉದಾಹರಣೆ ಕೊಡದೆ ಇರಲಾರೆ. ಉಂಗುರವಿಲ್ಲದ ಹಕ್ಕಿಯನ್ನೂ ಕೆಲವು ವಾರಗಳ ಮಟ್ಟಿಗೆ ಚಿತ್ರದಿಂದಲೇ ಗುರುತಿಟ್ಟುಕೊಳ್ಳಬಹುದು. ಉದುರಿದ ಗರಿ, ಮುರಿದ ಗರಿ, ಬಾಲದ ಅಂಚು ಅದರ ಚಹರೆ. ಹೊಸ ಗರಿ ಬಂದ ಮೇಲೆ ಆ ಚಹರೆ ಹೋಯಿತು, ಆದ್ದರಿಂದ ಇದನ್ನು ಹೆಚ್ಚು ನಂಬಬಾರದು. ಆದರೂ ಒಂದೇ ಗಂಡು ಸೆಳೆವ ಎರಡು ಬೇರೆ ಕಾವಲುಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಕಾಣಿಸಿದೆಯೇ ಎಂದು ತಿಳಿಯಲು ಎಡರೆಕ್ಕೆಯ ಒಂದು ಮುರಿದ ಗರಿಯನ್ನೇ ನೆಚ್ಚಿಕೊಂಡು ಕೂತಿದ್ದೆ. ಎರಡನೆಯ ಕಾವಲಿನ ಚಿತ್ರದಲ್ಲಿ ರೆಕ್ಕೆ ಪೂರ್ತಿಯಾಗಿತ್ತು. ಬೇರೆ ಹಕ್ಕಿ ಎಂದು ಬರೆದುಕೊಂಡೆ. ತಿಂಗಳಾದ ಮೇಲೆ ಚಿತ್ರ ತೆಗೆದ ಹಿರಿಯರು, ಮೂಡಿಗೆರೆಯ ಕಾಫಿ ಬೆಳೆಗಾರರು, ಮಾತಿನ ನಡುವೆ ಹೇಳಿದರು: “ಪಾಪ, ಒಂದು ಗರಿ ಮುರಿದಿತ್ತು. ನಾನೇ ಕಂಪ್ಯೂಟರಿನಲ್ಲಿ ಸರಿಮಾಡಿದೆ.” ಅವರ ಮೇಲೆ ಸಿಟ್ಟಾಗುವುದು ಹೇಗೆ? ಊಟ ಮಾಡಿಸದೆ ಯಾರನ್ನೂ ಮನೆಯಿಂದ ಕಳುಹಿಸದವರು. ಹಕ್ಕಿಗೂ ಅದೇ ಉಪಚಾರ ಮಾಡಿದ್ದರು.

ಎಡಗಾಲು, ಬಲಗಾಲಿನ ಗೊಂದಲ ನಮ್ಮ ನಿತ್ಯದ ಗೋಳು. ಯಾವ ಕಾಲಿಗೆ ಯಾವ ಬಣ್ಣ ಎಂಬುದೂ ಗುರುತಿನ ಭಾಗ. ತಪ್ಪಿದರೆ ಬೇರೆ ಹಕ್ಕಿ, ಕೆಲವೊಮ್ಮೆ ಬೇರೆ ದೇಶದ ಹಕ್ಕಿ. ಹಕ್ಕಿ ನಿಮಗೆ ಎದುರಾಗಿ ಕುಳಿತಿದ್ದರೆ ನಿಮ್ಮ ಎಡಕ್ಕೆ ಕಾಣುವುದು ಅದರ ಬಲಗಾಲು. ಹೊಸ ಸೊಸೆ ಬಲಗಾಲಿಟ್ಟು ಸೇರು ಒದೆದು ಒಳಬರುವಾಗ ಎದುರಿಗೆ ನಿಂತ ಅತ್ತೆಗೆ ಅದು ಯಾವ ಕಡೆ ಕಂಡರೂ ಬಲಗಾಲೇ ಅಲ್ಲವೇ? ಹಾಗೆ. ಇಷ್ಟಾದರೂ ಹಕ್ಕಿ ಬಲಕ್ಕೆ ನೋಡುತ್ತಿದ್ದರೆ ಚೆಂದ ಎಂದು ಚಿತ್ರವನ್ನೇ ಮಗುಚಿ ಕಳುಹಿಸುವವರಿದ್ದಾರೆ. ಅವರಿಗೆ ಹೇಳಲು ನನ್ನಲ್ಲಿ ಮಾತಿಲ್ಲ.

‘ಉಂಗುರವಿದೆಯಲ್ಲ, ಈಗ ಎಲ್ಲಿದೆ ನೋಡಿ ಹೇಳಿ’ ಎನ್ನುವವರಿಗೆ ಚಿಕ್ಕ ಉತ್ತರ: ಉಂಗುರದಲ್ಲಿ ಬ್ಯಾಟರಿ ಇಲ್ಲ, ಸಿಮ್ ಇಲ್ಲ. 1899ರಲ್ಲಿ ಡೆನ್ಮಾರ್ಕಿನ ವಿಬೋರ್ ಊರಿನ ಶಾಲಾ ಮಾಸ್ತರ ಮಾರ್ಟೆನ್ಸೆನ್ ಕಬ್ಬಕ್ಕಿಯ ಬಳಗದ ಸ್ಟಾರ್ಲಿಂಗ್‌ಗಳಿಗೆ ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಉಂಗುರ ತೊಡಿಸಿದಾಗ ಅದು ಹೇಗೆ ಕೆಲಸ ಮಾಡುತ್ತಿತ್ತೋ ಇಂದಿಗೂ ಹಾಗೆಯೇ: ಯಾರೋ ಓದಬೇಕು, ಓದಿದವರು ತಿಳಿಸಬೇಕು. ಬೆನ್ನಿಗೆ ಕಟ್ಟುವ ಜಿಪಿಎಸ್ ಯಂತ್ರದ ಮಾತು ಬೇರೆ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಯಂತ್ರ ತೊಟ್ಟ ಅಮೂರ್ ಡೇಗೆಗಳು (ಅಮೂರ್ ಫಾಲ್ಕನ್) ಅರಬ್ಬಿ ಸಮುದ್ರ ದಾಟಿ ಆಫ್ರಿಕಾ ಮುಟ್ಟಿದ್ದನ್ನು ನಾವು ನಕ್ಷೆಯಲ್ಲೇ ನೋಡಿದೆವು. ಅದಕ್ಕೂ ಅದರದೇ ಪಾಡು. 2019ರಲ್ಲಿ ರಷ್ಯಾದ ವಿಜ್ಞಾನಿಗಳು ಯಂತ್ರ ಕಟ್ಟಿದ್ದ ಒಂದು ಹುಲ್ಲುಗಾವಲು ಗಿಡುಗ (ಸ್ಟೆಪ್ ಈಗಲ್) ಕಝಕಿಸ್ತಾನದಲ್ಲಿ ನೆಟ್‌ವರ್ಕ್ ಸಿಗದ ಕಡೆ ಬೇಸಿಗೆ ಕಳೆದು, ಇರಾನಿಗೆ ಬಂದಿದ್ದೇ ತಡ ಕೂಡಿಟ್ಟ ಸಂದೇಶಗಳನ್ನೆಲ್ಲ ಒಟ್ಟಿಗೆ ಕಳುಹಿಸಿ, ರೋಮಿಂಗ್ ಬಿಲ್ಲಿನಲ್ಲಿ ಅವರ ಯೋಜನೆಯ ಹಣವನ್ನೇ ನುಂಗಿಹಾಕಿತ್ತು. ಮೊಬೈಲ್ ಕಂಪನಿಯೇ ಕೈಹಿಡಿಯಬೇಕಾಯಿತು. ಇನ್ನು ‘ಬೇಹುಗಾರ ಹಕ್ಕಿ ಸಿಕ್ಕಿದೆ’ ಎಂದು ಬರುವ ಫೋನುಗಳು. 2024ರ ನವೆಂಬರಿನಲ್ಲಿ ಕಾರವಾರದಲ್ಲಿ ಬೆನ್ನ ಮೇಲೆ ಯಂತ್ರ ಹೊತ್ತ ಹಕ್ಕಿ ಕಂಡು ಗುಲ್ಲೆದ್ದಿತ್ತು. ಅದು ಮಹಾರಾಷ್ಟ್ರದ ತಡೋಬಾದಲ್ಲಿ ಅಧ್ಯಯನಕ್ಕಾಗಿ ಬಿಟ್ಟ ರಣಹದ್ದು. ಕಾಲಿನ ಉಂಗುರಕ್ಕಂತೂ ಬೇಹುಗಾರಿಕೆ ಮಾಡುವಷ್ಟು ಬುದ್ಧಿಯಿಲ್ಲ.

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಬಲ್ಲವರಿಗೆ ಸೆಳೆವಗಳ ಪರಿಚಯ ಹೇಳಬೇಕಿಲ್ಲ. 2011ರಲ್ಲಿ ಮೀಸಲು ಪ್ರದೇಶವಾದ ಈ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ನಡುವೆ, ಮಧ್ಯ ಏಷ್ಯಾದ ಬಯಲುಗಳಿಂದ ಬಂದ ಸೆಳೆವಗಳು ಹೊತ್ತು ಮುಳುಗುವಾಗ ಒಂದೊಂದಾಗಿ ಬಂದು ನೆಲದ ಹುಲ್ಲಿನಲ್ಲೇ ರಾತ್ರಿ ಕಳೆಯುತ್ತವೆ. ಉಂಗುರ ಓದುವ ಆಸೆಗೆ ಆ ಹುಲ್ಲಿನೊಳಗೆ ಕಾಲಿಡಬೇಡಿ. ಎಬ್ಬಿಸಿದ ಹಕ್ಕಿ ಕತ್ತಲಲ್ಲಿ ಎಲ್ಲಿಗೆ ಹೋಗಬೇಕು?

ಆ ಕಾವಲಿನ ಅಂಚಿನ ಊರೊಂದರಲ್ಲಿ ಕುರಿ ಮೇಯಿಸುವ ಹೆಣ್ಣುಮಗಳೊಬ್ಬಳ ಪರಿಚಯ ನನಗಿದೆ. ಕೆಲವು ವರ್ಷಗಳ ಹಿಂದೆ, ಅಕಾಲದ ಮಳೆ ಬಿದ್ದ ಮರುದಿನ, ನನ್ನ ಜೀಪು ಕಂಡು ನಿಲ್ಲಿಸಿದಳು. “ಅಣ್ಣಾ, ಕಾಲಿಗೆ ಕಡಗ ಹಾಕಿದ ಹದ್ದು ನೋಡಿದೆ. ನೆನೆದು ಬದುವಿನ ಮೇಲೆ ಕೂತಿತ್ತು. ಐದಾರು ಮಾರು ಹತ್ತಿರ ಹೋದರೂ ಏಳಲಿಲ್ಲ.” ಏನಾದರೂ ಬರೆದಿತ್ತೇ ಎಂದೆ. “ನನಗೆ ಓದಲು ಬರುವುದಿಲ್ಲ” ಎಂದು ನಕ್ಕಳು. ಆಮೇಲೆ ಕೈಯ ಕೋಲಿನಿಂದ ಹಸಿ ನೆಲದ ಮೇಲೆ ಗೀರಿದಳು. ಮೊದಲು ನೇರ ಗೂಟ, ಅದರ ನೆತ್ತಿಯಿಂದ ಬಲಕ್ಕೆ ಒಂದು ಅಡ್ಡಪಟ್ಟಿ, ನಡುವಿನಲ್ಲಿ ಇನ್ನೊಂದು ಗಿಡ್ಡ ಪಟ್ಟಿ. ಎರಡನೆಯದಕ್ಕೆ ಮೇಲೆ ಕೊಕ್ಕೆಯಂತೆ ಒಂದು ಬಾಗು ಎಳೆದು ಕೋಲು ಎತ್ತಿಬಿಟ್ಟಳು.

“ಅದು ಅಷ್ಟೇನಾ ಅಕ್ಕಾ?”

“ಕೆಳಗೆ ಕೆಸರು ಮೆತ್ತಿತ್ತು. ಕಾಣಲಿಲ್ಲ.”

ಇಪ್ಪತ್ತು ವರ್ಷಗಳ ನನ್ನ ಕೆಲಸದಲ್ಲಿ ಇಷ್ಟು ಸ್ವಚ್ಛವಾದ ವರದಿ ನನಗೆ ಸಿಕ್ಕಿಲ್ಲ. ಮೊದಲನೆಯದು ಇಂಗ್ಲಿಷಿನ ‘ಎಫ್’ ಆಗಿರಬೇಕು. ಅದರ ಕೆಳಗೂ ಪಟ್ಟಿಯಿದ್ದರೆ ‘ಇ’ ಆಗುತ್ತದೆಯಲ್ಲ ಎಂದು ಎರಡು ಸಲ ಕೇಳಿದೆ; ಅಲ್ಲಿ ಕೆಸರಿರಲಿಲ್ಲ, ಪಟ್ಟಿಯೂ ಇರಲಿಲ್ಲ ಎಂದು ಎರಡು ಸಲವೂ ಹೇಳಿದಳು. ಎರಡನೆಯದು ಮೇಲೆ ಬಾಗಿರುವುದು: 2 ಇರಬಹುದು, 3 ಇರಬಹುದು, 9 ಇರಬಹುದು. ಅವಳು ಕಂಡಿದ್ದಿಷ್ಟು, ಕಾಣದ್ದಿಷ್ಟು, ಕಾಣದಿದ್ದುದಕ್ಕೆ ಕಾರಣವಿಷ್ಟು. ನೆಲದ ಗೀರಿನ ಚಿತ್ರ ತೆಗೆದು, ಉಂಗುರದ ಬಣ್ಣ, ಕಾಲು, ತಾರೀಖು ಸೇರಿಸಿ ಕಳುಹಿಸಿದೆ. ಉಂಗುರ ತೊಟ್ಟ ಹಕ್ಕಿಗಳ ಯಾದಿಯಲ್ಲಿ ಇದಕ್ಕೆ ಹೊಂದುವವು ಎರಡೇ ಎಂದು ಉತ್ತರ ಬಂತು. ಅವಳು ಆ ಕೊಕ್ಕೆಯನ್ನು ನನ್ನನ್ನು ಮೆಚ್ಚಿಸಲೆಂದು ಪೂರ್ತಿ ಮಾಡಿದ್ದರೆ ಒಂದೇ ಹಕ್ಕಿ ಸಿಗುತ್ತಿತ್ತು, ಅದು ತಪ್ಪು ಹಕ್ಕಿಯೂ ಆಗಿರಬಹುದಿತ್ತು. ತಪ್ಪೆಂದು ತಿಳಿಯುವ ದಾರಿಯೂ ನಮಗಿರುತ್ತಿರಲಿಲ್ಲ. ‘ಎಫ್, ಮುಂದಿನದು ಅರ್ಧ ಮಾತ್ರ’ ಎಂಬುದನ್ನು ನಾನು ಕಡತಕ್ಕೆ ಸೇರಿಸಬಲ್ಲೆ; ಮುಂದೆ ಇನ್ನಾರೋ ಇನ್ನೊಂದು ಅರ್ಧ ಕಳುಹಿಸಿದಾಗ ಎರಡೂ ಕೂಡಬಹುದು. ಊಹಿಸಿದ ಪೂರ್ತಿ ಅಕ್ಷರವನ್ನು ಒಮ್ಮೆ ಸೇರಿಸಿದರೆ ಹೊರಗೆ ತೆಗೆಯುವುದು ಬಹಳ ಕಷ್ಟ.

ಸತ್ತ ಹಕ್ಕಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ವಿದ್ಯುತ್ ತಂತಿಯ ಕೆಳಗೆ ಉಂಗುರದ ಹಕ್ಕಿ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಉಂಗುರ ಬಿಚ್ಚಬೇಡಿ, ನೆನಪಿಗೆಂದು ಗರಿಯನ್ನೂ ತರಬೇಡಿ. ಬೇಟೆಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಉಂಗುರ ಹಾಕುವ ನಮಗೂ ಅನುಮತಿಪತ್ರವಿಲ್ಲದೆ ಹಿಡಿಯುವಂತಿಲ್ಲ. ಸುತ್ತಲಿಂದಲೂ ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಜೀವವಿದ್ದು ಹಾರಲಾಗದ ಹಕ್ಕಿಯಾದರೂ ಅಷ್ಟೇ; ಬಾಯಿಗೆ ನೀರು ಬಿಡಲು ಹೋಗಬೇಡಿ.

ಇಂಜಿನಿಯರ್ ಹುಡುಗನ ಮೇಲೆ ಆಗ ಸ್ವಲ್ಪ ಗಡುಸಾಗಿಯೇ ಮಾತಾಡಿದ್ದೆ. ಇನ್ನು ಕಳುಹಿಸುವುದಿಲ್ಲವೇನೋ ಎಂದುಕೊಂಡಿದ್ದೆ. ಕಳೆದ ವಾರ ನಲವತ್ತಮೂರು ಮೂಲಚಿತ್ರಗಳು ಬಂದವು, ಜೊತೆಗೆ ಒಂದು ಸಾಲು: ‘ಉಂಗುರ ಇದೆ ಸಾರ್, ಹಕ್ಕಿಯ ಎಡಗಾಲು, ಏನೂ ಓದಲಾಗುತ್ತಿಲ್ಲ, ಆದರೂ ಎಲ್ಲವನ್ನೂ ಕಳುಹಿಸಿದ್ದೇನೆ.’ ನಲವತ್ತೆರಡರಲ್ಲಿ ನನಗೂ ಏನೂ ಕಾಣಲಿಲ್ಲ. ಇಪ್ಪತ್ತೊಂಬತ್ತನೆಯದರಲ್ಲಿ, ಹಕ್ಕಿ ಹುಲ್ಲಿಗೆ ಇಳಿಯುವಾಗ, ಉಂಗುರದ ಎಡಬದಿಯಲ್ಲಿ ಒಂದು ನೇರ ಗೆರೆಯಿದೆ. ಬಣ್ಣ ಕಪ್ಪು. ಅಷ್ಟನ್ನು ಬರೆದುಕೊಂಡಿದ್ದೇನೆ.