ದುಂಡು ನೆರಳಿಗೆ ಸೂಜಿ ಹಾಕುವ ಮುನ್ನ

ಹುನಗುಂದ ತಾಲ್ಲೂಕಿನ ಕುರಿಗಾಹಿಯೊಬ್ಬರು 14 ವರ್ಷದ ಮಗನನ್ನು ಕರೆದುಕೊಂಡು, ಎದೆಯ ಶಸ್ತ್ರಚಿಕಿತ್ಸೆ ಮಾಡುವ ನನ್ನ ಬಳಿಗೆ ಬೆಳಗಾವಿಗೆ ಬಂದಿದ್ದರು. ಕಂಬಳಿಯ ಮಡಿಕೆಯೊಳಗಿಂದ ಮೂರು ಎಕ್ಸ್-ರೇ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟು, “ಆರು ತಿಂಗಳ ಟಿ.ಬಿ. ಗುಳಿಗಿ ನುಂಗ್ಯಾನ್ರಿ ಸಾಹೇಬ್ರ, ಕೆಮ್ಮು ಕಡಿಮಿ ಆಗವಲ್ದು” ಎಂದರು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಕೈವಾರದಿಂದ ಎಳೆದಂತಹ ದುಂಡಗಿನ ಬಿಳಿ ನೆರಳು ಕಂಡಿತು. ಮೂರರಲ್ಲಿಯೂ ಅದಿತ್ತು, ಒಂದಕ್ಕಿಂತ ಒಂದರಲ್ಲಿ ದೊಡ್ಡದಾಗಿತ್ತು. ಕಫದಲ್ಲಿ ಕ್ಷಯದ ರೋಗಾಣು ಒಮ್ಮೆಯೂ ಸಿಕ್ಕಿರಲಿಲ್ಲ. ಕುರಿದಡ್ಡಿಯಲ್ಲಿ ನಾಯಿ ಎಷ್ಟಿವೆ ಎಂದು ನಾನು ಮೊದಲು ಕೇಳಿದೆ. ನಾಲ್ಕಿದ್ದವು.

ಇದು ಹೈಡಾಟಿಡ್ ಗುಳ್ಳೆ. ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುವೊಂದು ವಾಸಿಸುತ್ತದೆ. ಅದರ ತತ್ತಿಗಳು ನಾಯಿಯ ಮಲದೊಂದಿಗೆ ಹೊರಬಿದ್ದು ಹುಲ್ಲಿಗೆ, ನೀರಿಗೆ, ತರಕಾರಿಗೆ, ನಾಯಿಯ ಮೈಕೂದಲಿಗೂ ಅಂಟಿಕೊಳ್ಳುತ್ತವೆ. ಮೇಯುವ ಕುರಿಯ ಹೊಟ್ಟೆ ಸೇರಿದ ತತ್ತಿ ಅದರ ಯಕೃತ್ತು, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಯಾಗುತ್ತದೆ. ಕುರಿ ಕೊಯ್ದಾಗ ಗುಳ್ಳೆಯಿರುವ ಭಾಗವನ್ನು ನಾಯಿಗೆ ಎಸೆದರೆ ಹುಳುವಿನ ಸುತ್ತು ಪೂರ್ತಿಯಾಗುತ್ತದೆ. ನಾಯಿಯ ಮೈದಡವಿ, ಕೈ ತೊಳೆಯದೆ ರೊಟ್ಟಿ ಮುರಿಯುವ ಹುಡುಗ ಈ ಸುತ್ತಿನೊಳಗೆ ಆಕಸ್ಮಿಕವಾಗಿ ಸಿಕ್ಕಿಕೊಳ್ಳುತ್ತಾನೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಮಾಂಸ ತಿನ್ನುವುದರಿಂದಲೂ ಬರುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಹೆದರಿ ಮಾಂಸ ಬಿಟ್ಟ ಮನೆಯವರೇ, ನೆರೆಯವರು ಕೊಯ್ದ ಕುರಿಯ ಒಳಭಾಗಗಳನ್ನು ತಂದು ನಾಯಿಗೆ ಹಾಕುವುದನ್ನು ಮುಂದುವರಿಸಿದ್ದನ್ನು ನಾನು ಕಂಡಿದ್ದೇನೆ.

ದೊಡ್ಡವರಲ್ಲಿ ಈ ಗುಳ್ಳೆ ಹೆಚ್ಚಾಗಿ ಯಕೃತ್ತಿನಲ್ಲಿ ನಿಲ್ಲುತ್ತದೆ. ಅಲ್ಲಿ ಸಿಕ್ಕದೆ ಮುಂದೆ ಜಾರಿದ ಮರಿಹುಳು ಶ್ವಾಸಕೋಶಕ್ಕೆ ಬಂದು ಗುಳ್ಳೆಯಾಗುತ್ತದೆ. ಮಕ್ಕಳ ಶ್ವಾಸಕೋಶ ಮೆತ್ತಗಿರುವುದರಿಂದ ಗುಳ್ಳೆ ತಡೆಯಿಲ್ಲದೆ ಬೆಳೆದು ತೆಂಗಿನಕಾಯಿಯ ಗಾತ್ರಕ್ಕೂ ಹೋಗಬಲ್ಲದು. ಹೃದಯದ ಸ್ನಾಯುವಿನಲ್ಲಿ ಬೆಳೆಯುವುದು ತೀರ ಅಪರೂಪ, ಆದರೆ ಅಲ್ಲಿ ಒಡೆದರೆ ಚೂರುಗಳು ರಕ್ತದೊಂದಿಗೆ ಮೆದುಳಿಗೆ ಹೋಗುವ ಭಯವಿರುವುದರಿಂದ, ಸಾಮಾನ್ಯವಾಗಿ ಹೃದಯ-ಶ್ವಾಸಕೋಶಗಳ ಕೆಲಸವನ್ನು ತಾನು ಮಾಡುವ ಹಾರ್ಟ್-ಲಂಗ್ ಯಂತ್ರದ ಆಸರೆಯಲ್ಲಿ ಅದನ್ನು ತೆಗೆಯುತ್ತೇವೆ.

ಏನಿದೆಯೆಂದು ತಿಳಿಯಲು ಇಂತಹ ನೆರಳಿಗೆ ಸೂಜಿ ಚುಚ್ಚಿ ನೀರು ತೆಗೆಯುವ ಆತುರವೇ ನನಗೆ ದೊಡ್ಡ ಚಿಂತೆ. ಒಳಗಿನ ನೀರು ನೋಡಲು ತಿಳಿಯಾಗಿದ್ದರೂ ಎದೆಗೂಡಿನೊಳಗೆ ಸೋರಿದರೆ ತೀವ್ರ ಅಲರ್ಜಿಯಾಗಿ ರಕ್ತದೊತ್ತಡ ಕುಸಿಯಬಹುದು, ಮತ್ತು ಅದರಲ್ಲಿರುವ ಹುಳುವಿನ ಮೊಳಕೆಗಳು ಚೆಲ್ಲಿದಲ್ಲೆಲ್ಲ ಹೊಸ ಗುಳ್ಳೆಗಳು ಹುಟ್ಟಬಹುದು. ಬೇರೊಂದು ಕಡೆ ಹೀಗೆ ಚುಚ್ಚಿಸಿಕೊಂಡು ಬಂದ ಮಹಿಳೆಯೊಬ್ಬರ ಎದೆಯ ಪೊರೆಯಿಂದ ನಾವು ಎರಡು ಶಸ್ತ್ರಚಿಕಿತ್ಸೆಗಳಲ್ಲಿ ದ್ರಾಕ್ಷಿಯ ಗೊಂಚಲಿನಂತಹ ಮರಿಗುಳ್ಳೆಗಳನ್ನು ಹೆಕ್ಕಿ ತೆಗೆದೆವು. ಕುರಿ-ನಾಯಿಗಳ ನಡುವೆ ಬಾಳುವವರ ಎದೆಯಲ್ಲಿ ದುಂಡು ನೆರಳು ಕಂಡರೆ ಮೊದಲು ಸಿ.ಟಿ. ಸ್ಕ್ಯಾನ್ ಆಗಲಿ, ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಆಗಲಿ. ಕೆಮ್ಮಿದಾಗ ಬಾಯಿತುಂಬ ಉಪ್ಪು ರುಚಿಯ ನೀರು, ಅದರೊಡನೆ ಬಿಳಿಯ ತೊಗಟೆಯಂತಹ ಚೂರು ಬಂದರೆ ಗುಳ್ಳೆ ಶ್ವಾಸನಾಳಕ್ಕೆ ಒಡೆದಿದೆ ಎಂದು ತಿಳಿದು ತಡಮಾಡದೆ ಬರಬೇಕು.

ಹುಡುಗನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ತಜ್ಞರು ಎರಡು ಶ್ವಾಸಕೋಶಗಳನ್ನು ಬೇರೆ ಬೇರೆಯಾಗಿ ಉಸಿರಾಡಿಸುವ ನಳಿಗೆ ಹಾಕಿದರು. ಗುಳ್ಳೆ ಒಡೆದರೂ ನೀರು ಎಡಕ್ಕೆ ಹರಿಯಬಾರದು. ಸುತ್ತ ಗಾಢ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಹಾಸಿ, ದೇಹವೇ ಗುಳ್ಳೆಯ ಸುತ್ತ ಕಟ್ಟಿಕೊಂಡ ಹೊರಪೊರೆಯನ್ನು ನಾನು ಎಳೆ ಎಳೆಯಾಗಿ ಬಿಡಿಸುತ್ತ ಹೋದೆ. ತಜ್ಞರು ಮೆಲ್ಲಗೆ ಗಾಳಿ ತುಂಬಿದಂತೆ, ಕುದಿಸಿದ ತತ್ತಿಯ ಬಿಳಿಭಾಗದಂತೆ ಹೊಳೆಯುವ ಗುಳ್ಳೆ ತಾನಾಗಿ ಉಬ್ಬಿ ಬಂದು, ಒಡೆಯದೆ ಬಟ್ಟಲಿಗೆ ಜಾರಿತು. ಅಷ್ಟು ಹೊತ್ತು ಕೋಣೆಯಲ್ಲಿ ಯಾರೂ ಮಾತಾಡಿರಲಿಲ್ಲ. ಉಳಿದ ಪೊಳ್ಳಿಗೆ ನೀರು ತುಂಬಿದಾಗ ಗುಳುಗುಳು ಗಾಳಿ ಬಂದ ಮೂರು ಕಡೆ ಶ್ವಾಸನಾಳದ ಬಾಯಿಗಳಿದ್ದವು; ಅವನ್ನು ಹೊಲಿದು ಪೊಳ್ಳನ್ನು ಮುಚ್ಚಿದೆವು. ಶ್ವಾಸಕೋಶದ ಭಾಗವನ್ನು ಕತ್ತರಿಸಿ ತೆಗೆಯಲಿಲ್ಲ, ಏಕೆಂದರೆ ಮಕ್ಕಳಲ್ಲಿ ಒತ್ತಿಹೋದ ಶ್ವಾಸಕೋಶ ಬಹುಪಾಲು ಮತ್ತೆ ಅರಳುತ್ತದೆ.

ಹುಳುವನ್ನು ಕೊಲ್ಲುವ ಆಲ್ಬೆಂಡಜೋಲ್ ಮಾತ್ರೆಯನ್ನು ಮೊದಲೇ ಕೊಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಶ್ವಾಸಕೋಶದ ದೊಡ್ಡ ಗುಳ್ಳೆಯ ಪೊರೆ ಆ ಮಾತ್ರೆಯಿಂದ ಸಡಿಲಗೊಂಡು ಒಡೆಯುವ ಅಪಾಯವಿದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರ, ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸುತ್ತ, ಕೆಲವು ತಿಂಗಳು ಕೊಡುತ್ತೇವೆ.

ಮೂರನೆಯ ತಿಂಗಳಿಗೆ ಬಂದಾಗ ಹುಡುಗನ ಎಕ್ಸ್-ರೇಯಲ್ಲಿ ಗುಳ್ಳೆಯಿದ್ದ ಜಾಗದಲ್ಲಿ ಸಣ್ಣ ಗೆರೆಯಷ್ಟೇ ಉಳಿದಿತ್ತು. ಪಶುವೈದ್ಯರಿಂದ ನಾಲ್ಕೂ ನಾಯಿಗಳಿಗೆ ಲಾಡಿಹುಳುವಿನ ಔಷಧ ಪ್ರಾಜಿಕ್ವಾಂಟೆಲ್ ಹಾಕಿಸಿದ್ದಾಗಿ, ಗುಳ್ಳೆ ಕಂಡ ಕುರಿಯ ಒಳಭಾಗಗಳನ್ನು ಆಳವಾಗಿ ಹೂಳುತ್ತಿರುವುದಾಗಿ ತಂದೆ ಹೇಳಿದರು. ನಾನು ಹೇಳಿದಂತೆ ಮನೆಯವರೆಲ್ಲರ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಮಾಡಿಸಿದ್ದರು. 9 ವರ್ಷದ ಮಗಳ ಯಕೃತ್ತಿನಲ್ಲಿ 3 ಸೆಂಟಿಮೀಟರ್ ಗುಳ್ಳೆಯೊಂದಿದೆ. ಅವಳಿಗೆ ಸದ್ಯ ಶಸ್ತ್ರಚಿಕಿತ್ಸೆ ಬೇಕಿಲ್ಲ; ಮಾತ್ರೆ ನಡೆದಿದೆ, ಮುಂದಿನ ಸ್ಕ್ಯಾನಿಂಗ್ ದೀಪಾವಳಿಯ ನಂತರ.